ಕಟಾ
ಕರಾಟೆಯಲ್ಲಿ ಎದುರಾಳಿಯನ್ನು ಕಲ್ಪಿಸಿಕೊಂಡು, ನಿಗದಿತ ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸ. ನಿಲುವು, ತಡೆ, ಹೊಡೆತ, ಒದೆತ, ತಿರುವುಗಳು ಇದರಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಓಕಿನಾವಾ ದ್ವೀಪದಲ್ಲಿ ಬೆಳೆದ ಈ ವಿದ್ಯೆಯಲ್ಲಿ ಗುರುಗಳ ತಂತ್ರಗಳು ಮುಂದಿನ ತಲೆಮಾರಿಗೆ ದಾಟಿದ್ದು ಬಹುಮಟ್ಟಿಗೆ ಕಟಾಗಳ ಮೂಲಕವೇ. 20ನೆಯ ಶತಮಾನದ ಆರಂಭದಲ್ಲಿ ಕರಾಟೆ ಗುರು ಇಟೊಸು ಆಂಕೊ ಶಾಲಾ ಮಕ್ಕಳಿಗೆ ಕಲಿಸಲು ಐದು ಪಿನಾನ್ ಕಟಾಗಳನ್ನು ರೂಪಿಸಿದರು; ಮುಂದೆ ಇನ್ನೊಬ್ಬ ಗುರು ಫುನಕೋಶಿ ಗಿಚಿನ್ ಇವಕ್ಕೆ ಹೇಯಾನ್ ಎಂದು ಹೆಸರಿಟ್ಟರು.

ಕಟಾ ಕಾದಾಟಕ್ಕೆ ಬಾರದ ಕವಾಯತು ಎಂಬ ಟೀಕೆ ಹಳೆಯದು. ಚಲನೆಗಳನ್ನು ಬರಿದೇ ಬಾಯಿಪಾಠದಂತೆ ಒಪ್ಪಿಸಿದರೆ ಆ ಮಾತು ನಿಜವೇ. ಆದರೆ ಪ್ರತಿ ಚಲನೆಯ ಉದ್ದೇಶವನ್ನು ಬಿಡಿಸಿ, ಜೊತೆಗಾರನೊಂದಿಗೆ ಪ್ರಯೋಗಿಸಿ ನೋಡುವ ಬುಂಕಾಯ್ ಸೇರಿದಾಗ ಚಿತ್ರವೇ ಬದಲಾಗುತ್ತದೆ: ತಡೆಯೆಂದು ಕಲಿತದ್ದು ಕೈ ತಿರುಚುವ ಹಿಡಿತವಾಗಿಯೂ ಒದಗಬಹುದು. ಕಾಲೂರುವ ಬಗೆ, ಸೊಂಟದ ತಿರುವು, ಉಸಿರಿನ ಹದ ಮೈಗೂಡುವುದೂ ಇಲ್ಲಿಯೇ. ಗೋಜು-ರ್ಯು ಎಂಬ ಕರಾಟೆ ಶೈಲಿಯ ಸಾಂಚಿನ್ ಕಟಾದಲ್ಲಂತೂ ಹೆಜ್ಜೆಗಳು ಕೆಲವೇ. ಸ್ನಾಯುಗಳ ಬಿಗಿ ಮತ್ತು ಉಸಿರಾಟವೇ ಮುಖ್ಯ ಪಾಠ. ಆದರೂ ಎದುರಾಳಿಯ ದೂರ, ಸಮಯಗಳ ಅಂದಾಜು ಜೋಡಿ ಅಭ್ಯಾಸವಿಲ್ಲದೆ ಬಾರದು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಟಾ ಸ್ಪರ್ಧೆಯಾಗಿತ್ತು. ಪುರುಷರ ಚಿನ್ನ ಓಕಿನಾವಾದ ಕಿಯುನಾ ರ್ಯೋ ಅವರಿಗೆ, ಮಹಿಳೆಯರದು ಸ್ಪೇನಿನ ಸಾಂಡ್ರಾ ಸಾಂಚೆಸ್ ಅವರಿಗೆ ಸಂದಿತು.