ಅತಿವೇಗದ ಚೆಂಡನ್ನು ಹಿಡಿಯುವಿಕೆಯ ಮಿತಿಗಳು

ಕ್ರಿಕೆಟ್, ಬೇಸ್‌ಬಾಲ್ ಮೊದಲಾದ ಆಟಗಳಲ್ಲಿ ಅತಿವೇಗವಾಗಿ ಬರುವ ಚೆಂಡನ್ನು ಹಿಡಿಯಲು ಮನುಷ್ಯನಿಗಿರುವ ಶಾರೀರಿಕ ಹಾಗೂ ಭೌತಿಕ ಪರಿಮಿತಿಗಳನ್ನು ಅತಿವೇಗದ ಚೆಂಡನ್ನು ಹಿಡಿಯುವಿಕೆಯ ಮಿತಿಗಳು ಎನ್ನಬಹುದು. ಗಟ್ಟಿ ಚೆಂಡಿನ ಪೆಟ್ಟನ್ನು ಅಂಗೈ ತಾಳಿಕೊಳ್ಳುವುದೇ ಇಲ್ಲಿ ದೊಡ್ಡ ತೊಡಕೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಪೆಟ್ಟಿಗಿಂತ ಮೊದಲು ಎದುರಾಗುವುದು ಸಮಯದ ಅಭಾವ. ಕರ್ನಾಟಕದ ಮಟ್ಟಿಗೆ ಈ ವಿಷಯ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ, ಸ್ಲಿಪ್ ಕ್ಷೇತ್ರರಕ್ಷಕ ರಾಹುಲ್ ದ್ರಾವಿಡ್ ಹಾಗೂ ಬೌಲರ್‌ಗಳಾದ ಬಿ. ಎಸ್. ಚಂದ್ರಶೇಖರ್, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಅವರ ಆಟದೊಂದಿಗೆ ಹೆಣೆದುಕೊಂಡಿದೆ.

ಸಮಯದ ಮಿತಿ

ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಸಾಮಾನ್ಯವಾಗಿ ಸುಮಾರು 0.2 ಸೆಕೆಂಡು ಬೇಕಾಗುತ್ತದೆ. ಇದು ಚಲನೆ ಆರಂಭವಾಗಲು ಬೇಕಾದ ಕಾಲ ಮಾತ್ರ. ಕೈ ಚೆಂಡಿರುವ ಕಡೆಗೆ ತಲುಪಲು ಬೇಕಾದ ಕಾಲ ಇದರಲ್ಲಿ ಸೇರಿಲ್ಲ. ಅಭ್ಯಾಸದಿಂದ ಈ ಅವಧಿಯನ್ನು ತುಸು ತಗ್ಗಿಸಬಹುದಾದರೂ ಇಲ್ಲವಾಗಿಸಲು ಸಾಧ್ಯವಿಲ್ಲ.

ಕ್ರಿಕೆಟ್ ಪಿಚ್‌ನ ಎರಡು ತುದಿಗಳ ಸ್ಟಂಪ್‌ಗಳ ನಡುವಿನ ಅಂತರ 22 ಗಜ, ಅಂದರೆ 20.12 ಮೀಟರ್. ಗಂಟೆಗೆ 144 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ 40 ಮೀಟರ್ ಕ್ರಮಿಸುವುದರಿಂದ, ಬೌಲರ್‌ನ ಕೈಯಿಂದ ಬ್ಯಾಟ್ಸ್‌ಮನ್‌ನನ್ನು ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಸಾಕು. 2003ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಶೋಯಬ್ ಅಖ್ತರ್ ಇಂಗ್ಲೆಂಡ್ ವಿರುದ್ಧ ಎಸೆದ ಚೆಂಡು ಗಂಟೆಗೆ 161.3 ಕಿ.ಮೀ. ವೇಗ ದಾಖಲಿಸಿತ್ತು.

ವಿಕೆಟ್ ಕೀಪರ್‌ಗೆ ನಿಜವಾದ ಸವಾಲು ಚೆಂಡು ಬ್ಯಾಟಿನ ಅಂಚಿಗೆ ತಗುಲಿ ದಿಕ್ಕು ಬದಲಿಸಿದಾಗ ಎದುರಾಗುತ್ತದೆ. ಪುಟಿದ ನಂತರ ಚೆಂಡಿನ ವೇಗ ಸೆಕೆಂಡಿಗೆ 30 ಮೀಟರ್‌ಗೆ ಇಳಿದಿದೆ ಎಂದಿಟ್ಟುಕೊಂಡರೆ, ಬ್ಯಾಟಿನಿಂದ 16 ಮೀಟರ್ ಹಿಂದೆ ನಿಂತ ಕೀಪರ್‌ಗೆ ಅರ್ಧ ಸೆಕೆಂಡಿಗೂ ತುಸು ಹೆಚ್ಚು ಕಾಲ ಸಿಗುತ್ತದೆ. ಅದೇ ಕೀಪರ್ ಸ್ಟಂಪ್‌ಗಳ ಹಿಂದೆಯೇ, ಬ್ಯಾಟಿನಿಂದ ಒಂದೂವರೆ ಮೀಟರ್ ದೂರದಲ್ಲಿ ನಿಂತರೆ ಸಿಗುವುದು 0.05 ಸೆಕೆಂಡು ಮಾತ್ರ. ವೇಗದ ಬೌಲರ್‌ಗಳಿಗೆ ಕೀಪರ್‌ಗಳು ಹಿಂದಕ್ಕೆ ಸರಿದು ನಿಲ್ಲುವುದನ್ನು ಅಂಜಿಕೆ ಎಂದು ಭಾವಿಸುವವರಿದ್ದಾರೆ. ಅದು ಲೆಕ್ಕಾಚಾರವೇ ಹೊರತು ಅಂಜಿಕೆಯಲ್ಲ.

ಸ್ಪಿನ್ ಬೌಲಿಂಗ್ ಮತ್ತು ಸಮೀಪದ ಕೀಪಿಂಗ್

ಸ್ಪಿನ್ ಬೌಲಿಂಗ್‌ಗೆ ಕೀಪರ್ ಸ್ಟಂಪ್‌ಗಳ ಬಳಿಯೇ ನಿಲ್ಲಬೇಕಾಗುತ್ತದೆ. ಇಲ್ಲವಾದರೆ ಸ್ಟಂಪಿಂಗ್ ಸಾಧ್ಯವಿಲ್ಲ. ಆದರೆ ಸೆಕೆಂಡಿಗೆ 20 ಮೀಟರ್ ವೇಗದ ಚೆಂಡೂ ಒಂದೂವರೆ ಮೀಟರ್ ಅಂತರವನ್ನು 0.1 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ದಾಟುತ್ತದೆ. ಹೀಗಾಗಿ ಸಮೀಪದಲ್ಲಿ ನಿಂತ ಕೀಪರ್ ಹಿಡಿಯುವ ಅಂಚಿನ ಕ್ಯಾಚ್ ಕಂಡು ಹಿಡಿದದ್ದಲ್ಲ. ಬೌಲರ್‌ನ ಕೈಚಳಕವನ್ನು ಓದಿ, ಪುಟಿತವನ್ನು ಅಂದಾಜಿಸಿ, ಚೆಂಡಿನ ದಾರಿಯಲ್ಲಿ ಗ್ಲೌಸ್‌ಗಳನ್ನು ಮೊದಲೇ ಇಟ್ಟುಕೊಂಡದ್ದರ ಫಲ ಅದು.

ಮೈಸೂರಿನಲ್ಲಿ ಜನಿಸಿದ ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿತ್ತು. ಅದೇ ಕೈಯಿಂದ ಅವರು ಮಾಮೂಲಿ ಲೆಗ್ ಸ್ಪಿನ್ನರ್‌ಗಳಿಗಿಂತ ಬಹಳ ವೇಗವಾಗಿ ಚೆಂಡೆಸೆದು, 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಅವರ ಗೂಗ್ಲಿಯನ್ನು ಬ್ಯಾಟ್ಸ್‌ಮನ್‌ನಂತೆ ಕೀಪರ್ ಕೂಡ ಗುರುತಿಸಬೇಕಿತ್ತು. ಕರ್ನಾಟಕ ಮತ್ತು ಭಾರತ ಎರಡೂ ತಂಡಗಳಲ್ಲಿ ಈ ಹೊಣೆಯನ್ನು ಹೊತ್ತವರು ಕಿರ್ಮಾನಿ. 1976ರಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿದ ಅವರು ಅದೇ ನ್ಯೂಜಿಲೆಂಡ್ ಪ್ರವಾಸದ ಕ್ರೈಸ್ಟ್‌ಚರ್ಚ್ ಟೆಸ್ಟ್‌ನ ಇನಿಂಗ್ಸ್ ಒಂದರಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. 88 ಟೆಸ್ಟ್‌ಗಳಲ್ಲಿ ಅವರ ಗಳಿಕೆ 160 ಕ್ಯಾಚ್ ಮತ್ತು 38 ಸ್ಟಂಪಿಂಗ್.

ಸ್ಲಿಪ್‌ನಲ್ಲಿಯೂ ಇದೇ ಗಣಿತ ಅನ್ವಯಿಸುತ್ತದೆ. ಸ್ಪಿನ್ನರ್‌ಗೆ ಐದು ಮೀಟರ್ ದೂರದಲ್ಲಿ ನಿಂತ ಸ್ಲಿಪ್ ಆಟಗಾರನಿಗೆ ಸಿಗುವುದು ಸುಮಾರು ಕಾಲು ಸೆಕೆಂಡು, ಅಂದರೆ ಪ್ರತಿಕ್ರಿಯೆಯ ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು. ದ್ರಾವಿಡ್ 2012ರಲ್ಲಿ ನಿವೃತ್ತರಾದಾಗ 210 ಟೆಸ್ಟ್ ಕ್ಯಾಚ್‌ಗಳು ಅವರ ಹೆಸರಿನಲ್ಲಿದ್ದವು. ವಿಕೆಟ್ ಕೀಪರ್ ಅಲ್ಲದವರ ಪೈಕಿ ಅದು ಆಗಿನ ವಿಶ್ವದಾಖಲೆ. ಅವುಗಳಲ್ಲಿ 50ಕ್ಕೂ ಹೆಚ್ಚು ಕ್ಯಾಚ್‌ಗಳು ಕುಂಬ್ಳೆ ಅವರ ಬೌಲಿಂಗ್‌ನಲ್ಲಿ ಬಂದವು.

ಪೆಟ್ಟಿನ ಮಿತಿ

ಕ್ರಿಕೆಟ್ ಚೆಂಡಿನ ತೂಕ 155.9ರಿಂದ 163 ಗ್ರಾಂ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 72 ಜೂಲ್. ಕೈಯನ್ನು 10 ಸೆಂ.ಮೀ. ಹಿಂದಕ್ಕೆಳೆದುಕೊಂಡು ಚೆಂಡನ್ನು ನಿಲ್ಲಿಸಿದರೆ ಅಂಗೈ ಮೇಲೆ ಬೀಳುವ ಸರಾಸರಿ ಬಲ 720 ನ್ಯೂಟನ್, ಅಂದರೆ ವಯಸ್ಕನೊಬ್ಬನ ದೇಹಭಾರದಷ್ಟು. 30 ಸೆಂ.ಮೀ. ಎಳೆದುಕೊಂಡರೆ ಅದು 240 ನ್ಯೂಟನ್‌ಗೆ ಇಳಿಯುತ್ತದೆ. ಕೈ ಸಡಿಲವಾಗಿರಲಿ, ಚೆಂಡಿನೊಂದಿಗೆ ಹಿಂದಕ್ಕೆ ಬರಲಿ ಎಂಬ ತರಬೇತುದಾರರ ಸೂಚನೆಗೆ ಇದೇ ಆಧಾರ. ಬೆರಳ ತುದಿಗೆ ನೇರವಾಗಿ ತಗುಲಿದ ಚೆಂಡಿಗೆ ಮಾತ್ರ ಈ ಉಪಾಯ ಫಲಿಸದು. ಕೀಪರ್‌ಗಳ ಬೆರಳುಗಳು ಡೊಂಕಾಗುವುದು ಹೀಗೆಯೇ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳಿಂದ ಹಿಡಿದು ರಾಜ್ಯದೆಲ್ಲೆಡೆ ಊರ ಬಯಲುಗಳಲ್ಲಿ ಆಡುವ ಟೆನಿಸ್ ಚೆಂಡಿನ ಕ್ರಿಕೆಟ್‌ನಲ್ಲಿ ಕೀಪರ್‌ಗಳು ಸಾಮಾನ್ಯವಾಗಿ ಬರಿಗೈಯಲ್ಲೇ ನಿಲ್ಲುತ್ತಾರೆ. ಸಾಮಾನ್ಯ ಟೆನಿಸ್ ಚೆಂಡು 58 ಗ್ರಾಂ ಆಸುಪಾಸಿನದಾದ್ದರಿಂದ ಅದೇ ವೇಗದಲ್ಲಿ ಅದರ ಶಕ್ತಿ 26 ಜೂಲ್ ಮಾತ್ರ, ಜೊತೆಗೆ ಚೆಂಡು ತಾನೇ ಅದುಮಿಕೊಳ್ಳುತ್ತದೆ. ಆದರೆ ಸಮಯದ ಮಿತಿಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಬರಿಗೈಯ ಈ ರೂಢಿಯನ್ನು ಗಟ್ಟಿ ಚೆಂಡಿಗೂ ಮುಂದುವರಿಸುವುದು ಅಪಾಯಕಾರಿ.

ಬೇಸ್‌ಬಾಲ್‌ನೊಂದಿಗೆ ಹೋಲಿಕೆ

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಅಂತರ 18.44 ಮೀಟರ್. ಅಮೆರಿಕದ ಮೇಜರ್ ಲೀಗ್‌ನಲ್ಲಿ ಅರೋಲ್ಡಿಸ್ ಚಾಪ್‌ಮನ್ 2010ರಲ್ಲಿ ಎಸೆದ ಚೆಂಡಿನ ವೇಗ ಗಂಟೆಗೆ ಸುಮಾರು 170 ಕಿ.ಮೀ. ಆದರೂ ಅಲ್ಲಿನ ಕ್ಯಾಚರ್ ಬ್ಯಾಟ್ಸ್‌ಮನ್‌ನ ಬೆನ್ನ ಹಿಂದೆಯೇ ಕುಕ್ಕರಗಾಲಿನಲ್ಲಿ ಕುಳಿತು ಹಿಡಿಯುತ್ತಾನೆ. ಚೆಂಡು ಸಾಮಾನ್ಯವಾಗಿ ನೆಲಕ್ಕೆ ಪುಟಿಯುವುದಿಲ್ಲ. ಎಸೆತ ಯಾವ ಬಗೆಯದು, ಯಾವ ಕಡೆಗೆ ಎಂಬುದು ಸಂಜ್ಞೆಗಳ ಮೂಲಕ ಮೊದಲೇ ನಿಶ್ಚಯವಾಗಿರುತ್ತದೆ. ಈ ಸಂಜ್ಞೆ ತಪ್ಪಿದ ಸಂದರ್ಭದಲ್ಲಿ ನುರಿತ ಕ್ಯಾಚರ್ ಕೂಡ ಚೆಂಡನ್ನು ತಪ್ಪಿಸಿಕೊಳ್ಳುತ್ತಾನೆ, ಹಲವೊಮ್ಮೆ ಗಾಯಗೊಳ್ಳುತ್ತಾನೆ. ಅವನ ದಪ್ಪ ಗ್ಲೌಸ್‌ಗೆ ಚೆಂಡು ಸಿಕ್ಕಿಕೊಳ್ಳುವ ಬಲೆಯೂ ಉಂಟು. ಕ್ರಿಕೆಟ್ ನಿಯಮಗಳಲ್ಲಾದರೋ ಕೀಪರ್‌ನ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಬಿಟ್ಟು ಬೇರೆಲ್ಲೂ ಬೆರಳ ನಡುವೆ ಹೆಣಿಗೆ ಇರುವಂತಿಲ್ಲ. ಉಳಿದ ಕ್ಷೇತ್ರರಕ್ಷಕರಿಗೆ ಗ್ಲೌಸ್‌ಗೇ ಅನುಮತಿಯಿಲ್ಲ.

ಮಿತಿಯನ್ನು ಪರೀಕ್ಷಿಸುವ ಸಾಹಸಗಳೂ ನಡೆದಿವೆ. 1908ರಲ್ಲಿ ಗ್ಯಾಬಿ ಸ್ಟ್ರೀಟ್ ವಾಷಿಂಗ್ಟನ್ ಸ್ಮಾರಕದ ಮೇಲಿಂದ ಬೀಳಿಸಿದ ಚೆಂಡನ್ನು ಹಲವು ಪ್ರಯತ್ನಗಳ ನಂತರ ಹಿಡಿದರು. 1939ರಲ್ಲಿ ಜೋ ಸ್ಪ್ರಿಂಜ್ ವಾಯುನೌಕೆಯಿಂದ ಬೀಳಿಸಿದ ಚೆಂಡನ್ನು ಹಿಡಿಯಲು ಹೋದಾಗ ಚೆಂಡು ಗ್ಲೌಸ್‌ನೊಂದಿಗೆ ಮುಖಕ್ಕೆ ಅಪ್ಪಳಿಸಿ, ದವಡೆ ಮುರಿದು ಹಲ್ಲುಗಳು ಹೋದವು.

ಗಾಯ ಮತ್ತು ರಕ್ಷಣೆ

1970ರ ದಶಕದಲ್ಲಿ ಭಾರತದ ಏಕನಾಥ ಸೋಲ್ಕರ್ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತು 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು. ಅದೇ ಸ್ಥಾನದಲ್ಲಿ ಹೆಲ್ಮೆಟ್ ಧರಿಸದೆ ನಿಂತಿದ್ದ ರಮಣ್ ಲಾಂಬಾ 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ತಲೆಗೆ ಚೆಂಡು ಬಡಿದು, ಮೂರು ದಿನಗಳ ಬಳಿಕ ನಿಧನರಾದರು.

2000ದ ಏಷ್ಯಾ ಕಪ್‌ನಲ್ಲಿ, ಢಾಕಾದಲ್ಲೇ, ಕುಂಬ್ಳೆ ಎಸೆದ ಚೆಂಡು ಬ್ಯಾಟ್ಸ್‌ಮನ್‌ನ ಪಾದಕ್ಕೆ ತಾಗಿ ಚಿಮ್ಮಿ ಕೀಪರ್ ಸಬಾ ಕರೀಂ ಅವರ ಬಲಗಣ್ಣಿಗೆ ಬಡಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅವರು ಒಂದು ಟೆಸ್ಟ್ ಆಡಿದರಾದರೂ ಆ ಗಾಯದಿಂದ ಅವರ ಕ್ರೀಡಾಜೀವನ ಮುಂದುವರಿಯಲಿಲ್ಲ. 2012ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್, ಸ್ಪಿನ್ನರ್ ಇಮ್ರಾನ್ ತಾಹಿರ್ ಅವರಿಗೆ ಕೀಪಿಂಗ್ ಮಾಡುತ್ತಿದ್ದಾಗ ಬೇಲ್ ಹಾರಿ ಕಣ್ಣಿಗೆ ತಗುಲಿ ನಿವೃತ್ತರಾದರು. ಈ ಇಬ್ಬರು ಕೀಪರ್‌ಗಳೂ ಗಾಯಗೊಂಡದ್ದು ವೇಗದ ಬೌಲರ್‌ಗಳಿಂದಲ್ಲ, ಸ್ಪಿನ್ನರ್‌ಗಳಿಗೆ ಸ್ಟಂಪ್ ಬಳಿ ನಿಂತಿದ್ದಾಗ. ಸ್ಟಂಪ್‌ಗಳ ಬಳಿ ನಿಲ್ಲುವ ಕೀಪರ್‌ಗಳು ಹೆಲ್ಮೆಟ್ ಧರಿಸುವುದು ಈಗ ವಾಡಿಕೆಯಾಗಿದೆ.