ಕೆಟ್ಟ ಹಾರ್ಡ್ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?

"ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟಿದೆಯೇ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಬೆಳಿಗ್ಗೆ ಸರಿಹೋಗಿರುತ್ತದೆ!" ವಾಟ್ಸಾಪ್ ಹುಟ್ಟುವ ಮೊದಲಿನಿಂದಲೂ ಓಡಾಡುತ್ತಿರುವ ಸಲಹೆ ಇದು. ಮೆಲ್ಲಗೆ ತಟ್ಟಿ ನೋಡಿ, ಫಾರ್ಮ್ಯಾಟ್ ಮಾಡಿ, ಚೆಕ್‌ಡಿಸ್ಕ್ ಓಡಿಸಿ ಎಂಬ ಇನ್ನೂ ಮೂರು ಸಲಹೆಗಳು ಸಾಮಾನ್ಯವಾಗಿ ಇದರ ಬೆನ್ನಿಗೇ ಬರುತ್ತವೆ.

ಈ ಎಲ್ಲ ಸಲಹೆಗಳೂ ಡಿಸ್ಕನ್ನು ಉಳಿಸಲು ಹೊರಡುತ್ತವೆ. ಡಿಸ್ಕು ಅಂಗಡಿಯಲ್ಲಿ ಸಿಗುವ ವಸ್ತು. ಅದರೊಳಗಿರುವ ಮಗುವಿನ ಮೊದಲ ವರ್ಷದ ಫೋಟೋ, ಅರ್ಧ ಬರೆದ ಪಿಎಚ್.ಡಿ. ಪ್ರಬಂಧ, ಅಂಗಡಿಯ ಮೂರು ವರ್ಷದ ಲೆಕ್ಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಡಿಸ್ಕು ಕೆಡುತ್ತಿರುವ ಸುಳಿವು ಸಿಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸ ರಿಪೇರಿಯಲ್ಲ, ನಕಲು.

ಡಬ್ಬಿಯ ಒಳಗೆ ಏನು ನಡೆಯುತ್ತದೆ?

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳಿರುತ್ತವೆ. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಬಳಕೆಯಾದ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಇವು ನಿಮಿಷಕ್ಕೆ 5400 ಬಾರಿ ತಿರುಗುತ್ತವೆ. ಲೆಕ್ಕ ಹಾಕಿದರೆ ತಟ್ಟೆಯ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಗೆ ತಾಗದಂತೆ, ಓದುವ-ಬರೆಯುವ ಹೆಡ್ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುವಾಗ, ಒಂದು ಕಣ ಧೂಳು ಕೂಡ ಈ ಹೆಡ್ಡಿನ ಪಾಲಿಗೆ ಬಂಡೆಗಲ್ಲು.

ಲ್ಯಾಪ್‌ಟಾಪ್ ಚಾಲೂ ಇರುವಾಗಲೇ ಕೈಜಾರಿ ಬಿದ್ದರೆ ಹೆಡ್ಡು ತಟ್ಟೆಗೆ ಬಡಿದು ಗೀರು ಬೀಳಬಹುದು. ಗೀರಿನಿಂದ ಎದ್ದ ಪುಡಿ ಒಳಗೇ ಸುತ್ತಾಡುತ್ತಾ ಇನ್ನಷ್ಟು ಗೀರು ಮಾಡುತ್ತದೆ. ಅಂಥ ಡಿಸ್ಕು ತಿರುಗುತ್ತಿರುವ ಒಂದೊಂದು ನಿಮಿಷವೂ ನಿಮ್ಮ ಫೈಲುಗಳನ್ನು ಕೆರೆಯುತ್ತಿರುವ ನಿಮಿಷವೇ.

ಸುಳಿವುಗಳು ಯಾವುವು?

ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಬೇಕಾಗುವುದು, ಮೊನ್ನೆ ತೆರೆದಿದ್ದ ಫೈಲು ಇವತ್ತು ತೆರೆಯದಿರುವುದು, ಆನ್ ಮಾಡಿದರೆ ಡಿಸ್ಕೇ ಸಿಗುತ್ತಿಲ್ಲ ಎಂಬ ಸಂದೇಶ ಬಂದು ಎರಡನೇ ಸಲ ಸರಿಯಾಗುವುದು. ಇವೆಲ್ಲ ವೈರಸ್ಸಿನಿಂದಲೇ ಎಂದು ಆ್ಯಂಟಿವೈರಸ್ ಹಾಕಿ ಇಡೀ ಡಿಸ್ಕನ್ನು ಸ್ಕ್ಯಾನ್ ಮಾಡಿಸುವವರು ಬಹಳ. ಬಳಲಿದ ಡಿಸ್ಕಿಗೆ ಅದು ಇನ್ನೊಂದು ಹೊರೆ.

ಎಲ್ಲಕ್ಕಿಂತ ಕೆಟ್ಟ ಸುಳಿವು, ಒಂದೇ ಲಯದಲ್ಲಿ ಬರುವ ಟಕ್ ಟಕ್ ಸದ್ದು. ತಟ್ಟೆಯ ಮೇಲಿನ ಗುರುತುಗಳನ್ನು ಓದಲಾಗದೆ ಹೆಡ್ಡು ಮತ್ತೆ ಮತ್ತೆ ಹಿಂದೆ ಹೋಗಿ ಮೊದಲಿನಿಂದ ಹುಡುಕುವಾಗ ಈ ಸದ್ದು ಬರುತ್ತದೆ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ ನಾವು ಡಿಸ್ಕು ಲೊಚಗುಟ್ಟಿದರೆ ಮಾತ್ರ ಕೇಳಿಸದಂತೆ ಇದ್ದುಬಿಡುತ್ತೇವೆ.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಯ ಹೆಸರು ಸ್ಮಾರ್ಟ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಇದನ್ನು ನೋಡಬಹುದು. ಕೆಟ್ಟ ಜಾಗಕ್ಕೆ ಬದಲಾಗಿ ಮೀಸಲು ಜಾಗ ಎಷ್ಟು ಬಳಕೆಯಾಗಿದೆ, ಓದಲಾಗದೆ ಬಾಕಿ ಉಳಿದ ಜಾಗ ಎಷ್ಟಿದೆ ಎಂಬ ಎರಡು ಅಂಕಿಗಳು ಸೊನ್ನೆಯಿಂದ ಮೇಲೇರಿದ್ದರೆ ಅಂದೇ ನಕಲು ಮಾಡಿಕೊಳ್ಳಿ.

ಆದರೆ 'ಗುಡ್' ಎಂದು ತೋರಿಸಿತೆಂದು ನಿಶ್ಚಿಂತರಾಗಬೇಡಿ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸ್ಮಾರ್ಟ್‌ನ ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದೂ ಕಾಣಿಸಿಕೊಂಡಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು: ಸ್ಕ್ಯಾನ್ ಮಾಡುವಾಗ ಮೊದಲ ದೋಷ ಕಾಣಿಸಿಕೊಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗೆ ಹೋಲಿಸಿದರೆ, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬಂದರೆ ನಂಬಬೇಕು, ಬರಲಿಲ್ಲವೆಂದು ನೆಚ್ಚಿಕೊಳ್ಳಬಾರದು.

ಹಾಗಾದರೆ ಫ್ರೀಜರ್?

ಇದಕ್ಕೊಂದು ಹಳೆಯ ಹಿನ್ನೆಲೆಯಿದೆ. ಹಿಂದಿನ ಕೆಲವು ಡಿಸ್ಕುಗಳಲ್ಲಿ ಹೆಡ್ಡು ತಟ್ಟೆಗೆ ಅಂಟಿಕೊಂಡುಬಿಡುತ್ತಿತ್ತು. ತಣ್ಣಗಾದಾಗ ಲೋಹ ಕುಗ್ಗಿ, ಅಪರೂಪಕ್ಕೊಮ್ಮೆ ಅಂಟು ಬಿಟ್ಟು, ಡಿಸ್ಕು ಸ್ವಲ್ಪ ಹೊತ್ತು ಓಡಿದ್ದುಂಟು. ಓಡಿದವರು ಊರಿಗೆಲ್ಲ ಹೇಳಿದರು, ಓಡದವರು ಸುಮ್ಮನಾದರು. ಈಗಿನ ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಕೆಲಸ ನಿಂತಾಗ ಹೆಡ್ಡು ತಟ್ಟೆಯಿಂದಾಚೆಗಿನ ಇಳಿಜಾರಿನ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಆ ತೊಂದರೆಯೇ ಬಹುಪಾಲು ಇಲ್ಲ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಮೇಲೆ ಹನಿಗಟ್ಟುವುದನ್ನು ನೋಡಿದ್ದೀರಲ್ಲ? ಲ್ಯಾಪ್‌ಟಾಪ್ ಡಿಸ್ಕುಗಳಿಗೆ ಗಾಳಿಯಾಡಲು ಸಣ್ಣ ರಂಧ್ರ ಇರುತ್ತದೆ, ಒಳಗಿನ ಗಾಳಿಯಲ್ಲಿ ತೇವವೂ ಇರುತ್ತದೆ. ತಣ್ಣಗಿನ ತಟ್ಟೆಯ ಮೇಲೆ ಹಾಗೆಯೇ ಹನಿ ಕೂತರೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್ಡಿನ ಗತಿ ಏನು?

ತಟ್ಟುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಅಳಿಯುತ್ತದೆಯೇ ಹೊರತು ತಟ್ಟೆಯ ಗೀರು ಮಾಯುವುದಿಲ್ಲ. ಚೆಕ್‌ಡಿಸ್ಕ್ ಒಳ್ಳೆಯ ಸಾಧನವೇ, ಆದರೆ ಅದರ ಕೆಲಸ ಕಡತ ವ್ಯವಸ್ಥೆಯ ದೋಷ ಸರಿಪಡಿಸುವುದು. ಇದಕ್ಕಾಗಿ ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದುತ್ತದೆ. ನಕಲು ತೆಗೆದ ಮೇಲೆ ಬೇಕಾದರೆ ಓಡಿಸಿ. 'ಉಚಿತ ರಿಕವರಿ ಆ್ಯಪ್' ಲಿಂಕುಗಳದ್ದೂ ಇದೇ ಕಥೆ: ಅದನ್ನು ಅದೇ ಡಿಸ್ಕಿಗೆ ಹಾಕಿಕೊಂಡರೆ, ಉಳಿಸಬೇಕಾದ ಫೈಲಿನ ಮೇಲೆಯೇ ಬರೆದಂತೆ ಆಗಬಹುದು.

ಸರಿಯಾದ ಕ್ರಮ

ಟಕ್ ಟಕ್ ಸದ್ದು ಬರುತ್ತಿದ್ದು, ಒಳಗಿನ ಮಾಹಿತಿ ಬೆಲೆಕಟ್ಟಲಾಗದ್ದಾಗಿದ್ದರೆ ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ. ಧೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಕೇಂದ್ರವೇ ದಾರಿ. ಖರ್ಚು ಹೊಸ ಡಿಸ್ಕಿನ ಬೆಲೆಯನ್ನು ಎಷ್ಟೋ ಪಟ್ಟು ಮೀರಬಹುದು, ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಅಂಗಡಿಯ ಮೇಜಿನ ಮೇಲೆ ಫ್ಯಾನಿನ ಕೆಳಗೆ ಡಿಸ್ಕಿನ ಮುಚ್ಚಳ ಬಿಚ್ಚಲು ಹೊರಟವರ ಕೈಗೆ ಕೊಡಬೇಡಿ.

ಸದ್ದಿಲ್ಲ, ನಿಧಾನ ಮಾತ್ರ ಎಂದಾದರೆ ಬೇರೆ ಡಿಸ್ಕೊಂದನ್ನು ತಂದು ಮೊದಲು ಬೇಕೇಬೇಕಾದ ಫೋಲ್ಡರುಗಳನ್ನು ನಕಲಿಸಿ. ಸಿನಿಮಾ, ಹಾಡುಗಳು ಕೊನೆಗೆ. ಒಂದು ಫೈಲು ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ಲಿನಕ್ಸ್ ಗೊತ್ತಿರುವ ನೆಂಟರೋ ಸ್ನೇಹಿತರೋ ಇದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದ ಹೆಸರು ಹೇಳಿ. ಇದು ಸುಲಭವಾಗಿ ಓದಲಾಗುವ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತೆಂದು ಗುರುತಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು.

ಬಿಟ್‌ಲಾಕರ್ ಇರುವ ವಿಂಡೋಸ್ ಲ್ಯಾಪ್‌ಟಾಪಾದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿರುವಾಗಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹೊಸದು ಯಾವುದು?

ಈಗ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಸರಿ ಎಂದು ನಮ್ಮ ಅಭಿಪ್ರಾಯ. ಹಳೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮುಂಚೆ ಅಥವಾ ಆನ್‌ಲೈನ್‌ನಲ್ಲಿ ತರಿಸುವ ಮುಂಚೆ ನಿಮ್ಮ ಮಾಡೆಲ್ಲಿಗೆ ಯಾವುದು ಹೊಂದುತ್ತದೆಂದು ಕೈಪಿಡಿಯಲ್ಲಿ ನೋಡಿ. ತಿರುಗುವ ಡಿಸ್ಕಿದ್ದ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಕಾರ್ಡುಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ನೋಡಲು ಒಂದೇ ಥರ ಇದ್ದರೂ ಒಂದರ ಬದಲು ಇನ್ನೊಂದು ನಡೆಯದಿರಬಹುದು. ಕೆಲವು ಅಗ್ಗದ ಮತ್ತು ಕೆಲವು ತೀರಾ ತೆಳು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವನ್ನು ಬದಲಿಸಲಾಗದು.

ಹಳೆಯ ಡಿಸ್ಕು ಕೆಡುತ್ತಿದ್ದರೆ ಅದರ ವಿಂಡೋಸನ್ನು ಹಾಗೆಯೇ ಹೊಸದಕ್ಕೆ ಇಳಿಸುವುದಕ್ಕಿಂತ ಹೊಸದಾಗಿ ಹಾಕುವುದು ಒಳ್ಳೆಯದು. ವಿಂಡೋಸ್ 8 ಅಥವಾ ಅದರ ನಂತರದ ಆವೃತ್ತಿಯೊಂದಿಗೇ ಬಂದ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀ ಸಾಮಾನ್ಯವಾಗಿ ಬೋರ್ಡಿನಲ್ಲೇ ಇರುತ್ತದೆ. ಆದ್ದರಿಂದ ಅದೇ ಬಗೆಯ ವಿಂಡೋಸ್ ಹಾಕುವಾಗ "ವಿಂಡೋಸ್ ಕೀಗೆ ಇಷ್ಟು" ಎಂದು ಯಾರಾದರೂ ಕೇಳಿದರೆ ಯಾಕೆ ಎಂದು ಕೇಳಿ.

ಎಸ್‌ಎಸ್‌ಡಿ ಕೆಡುವುದೇ ಇಲ್ಲ ಎಂಬ ಫಾರ್ವರ್ಡೂ ಇದೆ. ಕೆಡುತ್ತದೆ. ಅದೂ ಟಕ್ ಟಕ್ ಸದ್ದಿಲ್ಲದೆ, ಒಮ್ಮೊಮ್ಮೆ ಒಂದೇ ಏಟಿಗೆ. ಅಳಿಸಿದ ಫೈಲುಗಳ ಜಾಗವನ್ನು ಅದು ತಾನಾಗಿಯೇ ಶುಚಿ ಮಾಡಿಕೊಳ್ಳುವುದರಿಂದ ಆಮೇಲೆ ಮರಳಿ ಪಡೆಯುವುದೂ ಕಷ್ಟ. ಹೊಸದು ಹಾಕಿಸಿದ ದಿನವೇ ಇನ್ನೊಂದು ಡಿಸ್ಕಿನಲ್ಲಿ ಒಂದು ಪ್ರತಿ, ಮನೆಯಿಂದ ಹೊರಗೆ ಅಥವಾ ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ವಾರಂಟಿ ಇದ್ದರೆ ಕಂಪನಿ ಹೊಸ ಡಿಸ್ಕು ಕೊಡಬಹುದು, ಮಾಹಿತಿಯನ್ನು ಕೊಡುವುದಿಲ್ಲ. ಹಳೆಯದನ್ನು ಹಿಂದಿರುಗಿಸಬೇಕಾಗುವುದರಿಂದ ನಕಲು ಮುಗಿಯುವವರೆಗೆ ಕಳಿಸಬೇಡಿ. ವಾರಂಟಿ ಮುಗಿದಿದ್ದರೆ ಗುಜರಿಯವರಿಗೆ ಹಾಗೆಯೇ ಹಾಕಬೇಡಿ: ನಿಮಗೆ ತೆರೆಯದ ಡಿಸ್ಕಿನಿಂದ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಪ್ರತಿಗಳು ಇನ್ನೊಬ್ಬರಿಗೆ ಸಿಗಬಹುದು. ಡ್ರಿಲ್ಲಿನಿಂದ ತಟ್ಟೆಯ ಮೂಲಕ ಎರಡು ಮೂರು ತೂತು ಕೊರೆಸಿ, ಕಣ್ಣಿಗೆ ಕನ್ನಡಕ ಮರೆಯದೆ, ಆಮೇಲೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.