ಪತ್ರಿಕೆಯಿಂದ ಪಾಠಶಾಲೆಗೆ: ಹರ್ಡೇಕರ ಮಂಜಪ್ಪನವರ ಆಲಮಟ್ಟಿ ಪರ್ವ

ಹರ್ಡೇಕರ ಮಂಜಪ್ಪನವರನ್ನು (1886–1947) ‘ಕರ್ನಾಟಕದ ಗಾಂಧಿ’ ಎಂದು ಕರೆಯುವ ರೂಢಿಯಿಂದ ಅವರ ಪತ್ರಕರ್ತ ಬದುಕು ಹಿನ್ನೆಲೆಗೆ ಸರಿದಿದೆ. ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ 1927ರಲ್ಲಿ ಅವರು ತೆರೆದ ವಿದ್ಯಾಲಯವನ್ನು ಆ ಪತ್ರಿಕಾವೃತ್ತಿಯ ಮುಂದುವರಿಕೆಯಾಗಿ ಓದಬೇಕೆಂಬುದು ಈ ಲೇಖನದ ವಾದ.

ಬನವಾಸಿಯಲ್ಲಿ ಹುಟ್ಟಿದ ಮಂಜಪ್ಪನವರು ಮುಲ್ಕಿ ಪರೀಕ್ಷೆ ಮುಗಿಸಿ ಶಿರಸಿಯಲ್ಲಿ ಶಿಕ್ಷಕರಾದರು. ಬಂಗಾಳ ವಿಭಜನೆಯ ಬೆನ್ನಲ್ಲೇ ಎದ್ದ ಸ್ವದೇಶಿ ಚಳವಳಿ ಅವರಿಂದ ನೌಕರಿ ಬಿಡಿಸಿತು. 1906ರಲ್ಲಿ ಸೋದರ ಮಧುಲಿಂಗಪ್ಪನವರೊಡನೆ ದಾವಣಗೆರೆಯಲ್ಲಿ ‘ಧನುರ್ಧಾರಿ’ ವಾರಪತ್ರಿಕೆ ಆರಂಭಿಸಿದರು. ಟಿಳಕರ ‘ಕೇಸರಿ’ಯ ವಿಚಾರಗಳು ಅದರ ಮೂಲಕ ಕನ್ನಡಿಗರನ್ನು ಮುಟ್ಟಿದವು. 1908ರಲ್ಲಿ, ದಾವಣಗೆರೆಯೂ ಸೇರಿದ್ದ ಮೈಸೂರು ಸಂಸ್ಥಾನದ ಪತ್ರಿಕಾ ಕಾನೂನು ಬಂತು. ಮೈಸೂರಿನ ಸಂಪಾದಕ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಚ್ಚಿನ ಮಾತಿಗೆ ಹೀಗೆ ಕಡಿವಾಣ ಬಿದ್ದ ಕಾಲದಲ್ಲಿ ಮಂಜಪ್ಪನವರ ಕೆಲಸ ಓದುಗರ ಎದುರಿಗೇ ನಿಲ್ಲುವ ರೂಪಗಳತ್ತ ಹೊರಳಿದ್ದು ಗಮನಾರ್ಹ: ಭಜನೆ, ಉಪನ್ಯಾಸ, 1913ರಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ನಡೆಸಿದ ಸಾರ್ವಜನಿಕ ಬಸವ ಜಯಂತಿ, ಮುಂದೆ ಹರಿಹರದ ಆಶ್ರಮ. ಆಲಮಟ್ಟಿ ಈ ಸಾಲಿನ ಗಟ್ಟಿ ಹೆಜ್ಜೆ.

ಕೃಷ್ಣೆಯ ದಡದ ಈ ವಿದ್ಯಾಲಯದಲ್ಲಿ ಪಾಠದ ಜೊತೆಗೆ ಪ್ರಾರ್ಥನೆ, ನೂಲುವಿಕೆ, ಮೈದುಡಿಮೆ ಸೇರಿದ್ದವು. ಶರಣರ ಕಾಯಕವೂ ಗಾಂಧೀಜಿಯ ಶ್ರಮನಿಷ್ಠೆಯೂ ಮಕ್ಕಳ ದಿನಚರಿಯಲ್ಲಿ ಒಂದಾದವು. ಪತ್ರಿಕೆ ವಾರಕ್ಕೊಮ್ಮೆ ಹೇಳುತ್ತಿದ್ದುದನ್ನು ಶಾಲೆ ದಿನವೂ ಮಾಡಿಸಿತು. ಹಾಗೆಂದು ಅವರು ಲೇಖನಿ ಕೆಳಗಿಡಲಿಲ್ಲ. ‘ಉದ್ಯೋಗ’, ‘ಶರಣ ಸಂದೇಶ’ ಪತ್ರಿಕೆಗಳೂ ಅವರ ಹೆಸರಿನೊಡನೆ ಸೇರಿವೆ.

ಇದೇ ಜಿಲ್ಲೆಯ ಫ.ಗು. ಹಳಕಟ್ಟಿಯವರದು ಎದುರು ದಿಕ್ಕಿನ ಪಯಣ. ವಕೀಲರಾಗಿದ್ದ ಅವರು 1910ರಲ್ಲೇ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿ, ಆಮೇಲೆ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರತಂದರು. ಅಂದರೆ ಹಳಕಟ್ಟಿಯವರು ವಾರಪತ್ರಿಕೆಗೆ ಕೈಹಾಕಿದ ವರ್ಷವೇ ಮಂಜಪ್ಪನವರು ಶಾಲೆಗೆ ಕೈಹಾಕಿದರು. ಓಲೆಗರಿಗಳಲ್ಲಿದ್ದ ವಚನಗಳನ್ನು ಉಳಿಸಲು ಹಳಕಟ್ಟಿಯವರಿಗೆ ಅಚ್ಚುಮೊಳೆ ಬೇಕಿತ್ತು. ವಚನದ ನಡೆಯನ್ನು ಬದುಕಿ ತೋರಿಸಲು ಮಂಜಪ್ಪನವರಿಗೆ ಮಕ್ಕಳು ಬೇಕಿದ್ದರು. ಒಬ್ಬರು ಸಂಘದ ಬಲವನ್ನು ನೆಚ್ಚಿದರು, ಇನ್ನೊಬ್ಬರು ತಮ್ಮ ವ್ರತಜೀವನವನ್ನು.

ಆದ್ದರಿಂದ ಈ ಭಾಗದ ಪತ್ರಿಕೋದ್ಯಮದ ಚರಿತ್ರೆಯನ್ನು ಹಳೆಯ ಸಂಚಿಕೆಗಳಿಂದಷ್ಟೇ ಬರೆಯಲಾಗದು. ಆ ಸಂಪಾದಕರು ಕಟ್ಟಿದ ಶಾಲೆಗಳ ದಾಖಲೆಯೂ ಅದರ ಆಕರವೇ.